ಆ ಡಾಕ್ಟ್ರೂ ಅವರ ಸಿಹಿನೀರಿನ ಜೆಲ್ಲಿಗಳೂ

ಎದುರಿನವರು ಮಾರುತ್ತರ ಕೊಡಲಾಗದ ಸ್ಥಿತಿಯಲ್ಲಿದ್ದಾಗ ಮಾತ್ರ ಅವರು ಮಾತನಾಡುತ್ತಿದ್ದರು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ರೋಗಿ ಕುರ್ಚಿಯಲ್ಲಿ ಒರಗಿ, ಬಾಯಿ ತೆರೆದು, ಕೆನ್ನೆಯೊಳಗೆ ಹತ್ತಿಯ ಉಂಡೆಯೂ ನಾಲಿಗೆಯ ಕೆಳಗೆ ಜೊಲ್ಲು ಹೀರುವ ನಳಿಗೆಯೂ ಸೇರಿಕೊಂಡದ್ದೇ ತಡ, ಅಲ್ಲಿಯವರೆಗೆ ಹೂಂ ಉಹೂಂಗಳಲ್ಲೇ ಕಾಲಯಾಪನೆ ಮಾಡಿದ್ದ ಆ ಮನುಷ್ಯನ ವಾಕ್ಪ್ರವಾಹ ಕಟ್ಟೆಯೊಡೆದು ಹರಿಯತೊಡಗುತ್ತಿತ್ತು. ನಲ್ಲಿಯ ನೀರಿನ ಗಡಸುತನ, ಸಕ್ಕರೆಯೆಂಬ ಶತ್ರು, ಹೊಸ ಕಾಲದ ವೈದ್ಯರ ಆತುರ, ಲೋಕದ ಒಟ್ಟಾರೆ ಅಧಃಪತನ, ಹೀಗೆ ವಿಷಯದಿಂದ ವಿಷಯಕ್ಕೆ ಹಾರುತ್ತ, ನಡುನಡುವೆ "ಏನಂತೀರಿ?" ಎಂದು ಸೌಜನ್ಯಕ್ಕೆ ಕೊಂಚ ನಿಲ್ಲಿಸುವರು. ರೋಗಿ ಗಂಟಲಿನಿಂದ ಏನೋ ಒಂದು ಸದ್ದು ಹೊರಡಿಸುವನು. ಅದನ್ನು ಸಮ್ಮತಿಯೆಂದು ಸ್ವೀಕರಿಸಿ "ಗೊತ್ತು" ಎಂದು ಮುಂದುವರಿಯುವರು.

ಆ "ಗೊತ್ತು" ಎಂಬುದು ಅವರ ನಾಲಿಗೆಗೆ ಅಂಟಿಕೊಂಡ ಪದ. ನೋವಾದರೆ ಎಡಗೈ ಎತ್ತಿ ಎಂದು ಅವರೇ ಹೇಳುತ್ತಿದ್ದರು. ಎತ್ತಿದರೆ, ಡ್ರಿಲ್ಲು ನಿಲ್ಲಿಸದೆ, "ಗೊತ್ತು" ಎನ್ನುತ್ತಿದ್ದರು. ಪಕ್ಕದ ಕಟ್ಟಡದಲ್ಲಿ ವಾಸವಾಗಿದ್ದು ದೀರ್ಘಕಾಲ ನನ್ನ ಮೂವತ್ತೆರಡನ್ನೂ ಅವರ ಸುಪರ್ದಿಗೆ ಒಪ್ಪಿಸಿದ್ದ ನಾನು ಎಡಗೈ ಎತ್ತುವುದನ್ನು ಎರಡನೆಯ ಭೇಟಿಗೇ ಬಿಟ್ಟೆ. ಆದರೆ ಕೆಲಸದಲ್ಲಿ ಅವರ ಕೈಯನ್ನು ಮೀರಿಸಿದವರು ಆ ರಸ್ತೆಯಲ್ಲಿ ಮಾತ್ರವಲ್ಲ, ಊರಿನಲ್ಲೇ ಇರಲಿಲ್ಲ.

ಮೇಲಿನ ಹಲ್ಲು ನೋಡಬೇಕಾದರೆ "ಆ ಅನ್ನಿ" ಎನ್ನುವರು; ಮುಂದಿನ ಸಾಲು ನೋಡಬೇಕಾದರೆ "ಈ ಅನ್ನಿ." ಮೊದಲನೆಯದೇ ಅವರಿಗೆ ಹೆಸರಾಗಿ ಕೂತಿತು. ಎಲ್ಲರಿಗೂ ಅವರು ಆ ಡಾಕ್ಟ್ರು. ಹೊಸಬರು ಇದನ್ನು ಕೇಳಿ, "ಆ ಡಾಕ್ಟ್ರು ಅಂದ್ರೆ ಯಾವ ಡಾಕ್ಟ್ರು?" ಎಂದು ಗಲಿಬಿಲಿಗೊಳ್ಳುವುದೂ, ಹಳಬರು ಬಾಯಿ ಅಗಲಿಸಿ ತೋರಿಸಿ ನಗುವುದೂ ಹಳೆಯ ವಿನೋದ. ದಶಕಗಳ ಕಾಲ ಪರರ ಬಾಯಿಗಳಿಗೆ ಬಗ್ಗಿ ಬಗ್ಗಿ ಅವರ ಕತ್ತು ಬಲಕ್ಕೆ ವಾಲಿಹೋಗಿತ್ತು, ಬಲಭುಜ ಇಳಿದಿತ್ತು. ರಸ್ತೆಯಲ್ಲಿ ನಡೆಯುವಾಗಲೂ ಯಾವುದೋ ಅದೃಶ್ಯ ಕುಳಿಯೊಳಗೆ ಇಣುಕುತ್ತಿರುವವರಂತೆ, ಒಂದು ಕಾಲನ್ನು ಮೆಲ್ಲಗೆ ಊರಿ, ಇನ್ನೊಂದನ್ನು ಸಂಶಯದಿಂದ ಎಳೆದುಕೊಂಡು ಸಾಗುತ್ತಿದ್ದರು. ಪಕ್ಕದಲ್ಲಿ ಗುಂಡಿಯಿರುವ ಬಿಳಿಯ ಕೋಟು, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ಸ್ನಾನಕ್ಕೂ ನಿದ್ದೆಗೂ ಮಾತ್ರ ಮೈಯಿಂದ ಇಳಿಯುತ್ತಿತ್ತು. ಮನೆಯೂ ದವಾಖಾನೆಯೂ ಒಂದೇ ಕಟ್ಟಡ: ಮುಂದೆ ರೋಗಿಗಳು ಕಾಯುವ ಕೋಣೆ, ಅದರ ಹಿಂದೆ ಕುರ್ಚಿಯ ಕೋಣೆ, ಅದರ ಹಿಂದೆ ಅಡುಗೆಮನೆ, ಮೇಲೆ ಮಲಗುವ ಕೋಣೆಗಳು. ಹೆಂಡತಿ ಊಟಕ್ಕೆ ಕರೆಯಬೇಕಾದರೆ ಅಡುಗೆಮನೆಯ ಗೋಡೆಗೆ ಎರಡು ಸಲ ತಟ್ಟುತ್ತಿದ್ದರು.

ಅವರಿಗೊಬ್ಬಳೇ ಮಗಳು. ಅಪ್ಪನ ವಿದ್ಯೆಯನ್ನೇ ಓದಿ ಬಂದು, ಕುರ್ಚಿಯ ಕೋಣೆಯಲ್ಲಿ ಎರಡನೆಯ ಕುರ್ಚಿ ಹಾಕಿಸಿಕೊಂಡಳು. ಆಗ ಆ ಮನುಷ್ಯ ಹೆಮ್ಮೆಪಟ್ಟಿದ್ದು ನಿಜ. ಹೆಮ್ಮೆಯನ್ನು ಆಡಿ ತೋರಿಸದಿದ್ದದ್ದೂ ಅಷ್ಟೇ ನಿಜ. ಒಂದು ಬೆಳಿಗ್ಗೆ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರ ದವಡೆ ಹಲ್ಲಿನ ಬೇರನ್ನು ಮಗಳು ಶುದ್ಧಿ ಮಾಡುತ್ತಿದ್ದಾಗ, ಇವರು ತಮ್ಮ ರೋಗಿಯನ್ನು ಬಾಯಿ ತೆರೆದಿರುವಂತೆಯೇ ಬಿಟ್ಟು ಬಂದು, ಹಿಂದೆ ನಿಂತು ನೋಡಿದರು. ನೋಡಿ, ಕೈ ಚಾಚಿ, ಅವಳ ಬೆರಳುಗಳ ನಡುವಿನಿಂದ ಸೂಜಿಯಂಥ ಆ ಉಪಕರಣವನ್ನು ತೆಗೆದುಕೊಂಡರು.

"ಬಿಡು. ಇದು ಕೈಗೆ ಬರೋ ವಿದ್ಯೆ, ಓದಿದ್ರೆ ಬರೋದಲ್ಲ."

ಮುಖ್ಯೋಪಾಧ್ಯಾಯಿನಿ ಮೇಲಿನ ದೀಪವನ್ನೇ ದಿಟ್ಟಿಸಿದರು. ಅವರೂ ಬಾಯಿ ಮುಚ್ಚುವಂತಿರಲಿಲ್ಲ. ಮಗಳು ಕೈತೊಳೆದು, ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಹಿಂಬಾಗಿಲಿನಿಂದ ಅಡುಗೆಮನೆಗೆ ಹೋಗದೆ, ಮುಂಬಾಗಿಲಿನಿಂದ, ಕಾದು ಕುಳಿತವರ ನಡುವೆ ಹಾದು, ರಸ್ತೆಗಿಳಿದಳು. ಹಸಿವಾದರೆ ಬರುತ್ತಾಳೆ ಎಂದು ಇವರು ತಿಳಿದರು. ಅವಳು ಗೆಳತಿಯ ಮನೆಯಲ್ಲಿ ಉಳಿದಳು. ಕೆಲವು ತಿಂಗಳಿಗೆ, ಎದುರು ಸಾಲಿನಲ್ಲಿ ಗಡಿಯಾರ ರಿಪೇರಿಯವನು ಖಾಲಿ ಮಾಡಿದ ಮಳಿಗೆಯ ಮೇಲೆ ಹಲ್ಲಿನ ಚಿತ್ರವಿರುವ ಫಲಕವೊಂದು ಏರಿತು. ರಸ್ತೆಗೆ ಹೊಸ ವಿನೋದ ಸಿಕ್ಕಿತು. "ಆ ಡಾಕ್ಟ್ರಾ, ಈ ಡಾಕ್ಟ್ರಾ?" ಎಂದು ಹಲ್ಲುನೋವಿನವರು ಕೇಳಿಕೊಳ್ಳತೊಡಗಿದರು, ಅಪ್ಪ ಆ, ಮಗಳು ಈ. ದಿನ ಕಳೆದಂತೆ ಈ ಕಡೆಯ ಬೆಂಚು ತುಂಬಿತು, ಆ ಕಡೆಯ ಬೆಂಚು ಸವೆಯುವುದು ನಿಂತಿತು.

ಜೆಲ್ಲಿ ಮೀನುಗಳು ಅವರ ಬದುಕಿಗೆ ಬಂದದ್ದು ಈ ದಿನಗಳಲ್ಲಿ. ಕಾಯುವ ಕೋಣೆಯಲ್ಲಿ ಹಿಂದಿನಿಂದಲೂ ಒಂದು ಗಾಜಿನ ತೊಟ್ಟಿಯಿತ್ತು. ರೋಗಿಗಳ ಭಯ ತಗ್ಗಲಿ ಎಂದು ಸಾಕಿದ ಬಂಗಾರದ ಬಣ್ಣದ ಮೀನುಗಳು ಒಂದೊಂದಾಗಿ ತೀರಿಕೊಂಡ ಮೇಲೆ, ಅದರಲ್ಲಿ ಉಳಿದದ್ದು ಕೊಂಚ ಪಾಚಿ, ಎರಡು ಎಳೆ ನೀರುಗಿಡ ಮತ್ತು ಮಗಳು ಕಾಲೇಜಿನಲ್ಲಿದ್ದಾಗ ಪಾಳುಬಿದ್ದ ಕಲ್ಲುಕ್ವಾರಿಯ ಹೊಂಡದಿಂದ ಎತ್ತಿ ತಂದು ಹಾಕಿದ್ದ ಒಂದು ಒರಟು ಕಲ್ಲು. ಒಂದು ಉರಿಬಿಸಿಲಿನ ಮಧ್ಯಾಹ್ನ, ರೋಗಿಗಳಿಲ್ಲದ ಕೋಣೆಯಲ್ಲಿ ಕುಳಿತಿದ್ದ ಡಾಕ್ಟರ ಕಣ್ಣಿಗೆ ನೀರಿನಲ್ಲಿ ಏನೋ ಮಿಡಿದಂತಾಯಿತು. ಕಣ್ಣಿನ ದೋಷವೆಂದುಕೊಂಡು ಕನ್ನಡಕ ಒರೆಸಿದರು. ಮತ್ತೆ ಮಿಡಿಯಿತು. ಹಲ್ಲು ನೋಡುವ ಭೂತಗನ್ನಡಿಯನ್ನು ಹಣೆಗೆ ಕಟ್ಟಿಕೊಂಡು ಗಾಜಿಗೆ ಮೂಗು ಒತ್ತಿ ನೋಡಿದರೆ, ಅಂಗಿಯ ಗುಂಡಿಗಿಂತ ದೊಡ್ಡದಲ್ಲದ ಒಂದು ಕೊಡೆ, ನೀರಿನಿಂದಲೇ ಹೊಲಿದಂಥದ್ದು, ಅಂಚಿಗೆಲ್ಲ ಕೂದಲಿಗಿಂತ ನವಿರಾದ ಎಳೆಗಳು, ನಡುವೆ ಮಬ್ಬಾದ ಬಿಳಿಯ ಶಿಲುಬೆಯಂಥ ಗುರುತು. ಅರಳುತ್ತದೆ, ಮುದುಡುತ್ತದೆ, ಒಂದು ಗೇಣು ಮೇಲೇರುತ್ತದೆ. ಆಮೇಲೆ ಮೈಮರೆತಂತೆ ಕೊಡೆ ಬಿಚ್ಚಿಕೊಂಡು ಕೆಳಗಿಳಿಯುತ್ತದೆ.

ಗ್ರಂಥಾಲಯದಿಂದ ಪುಸ್ತಕ ತರಿಸಿ ಓದಿದರು. ಕಡಲಿನಲ್ಲಿ ಮಾತ್ರವಲ್ಲ, ನಿಂತ ಸಿಹಿನೀರಿನಲ್ಲೂ ಜೆಲ್ಲಿ ಮೀನುಗಳುಂಟು. ಸಾಸಿವೆಗಿಂತ ಸಣ್ಣ ಮೊಳಕೆಯಾಗಿ ಅವು ಕಲ್ಲಿಗೆ ಅಂಟಿಕೊಂಡು ವರ್ಷಾನುಗಟ್ಟಲೆ ಯಾರ ಗಮನಕ್ಕೂ ಬಾರದೆ ಇರಬಲ್ಲವು. ಎಂದೋ ಒಂದು ಬೇಸಿಗೆ ನೀರಿನ ಬಿಸುಪು ಹಿತವಾದರೆ ಕೊಡೆಗಳಾಗಿ ಕಳಚಿಕೊಂಡು ತೇಲುತ್ತವೆ. ಕೆಲವು ವಾರ ಬದುಕಿ ಕರಗಿಹೋಗುತ್ತವೆ. ಮಗಳ ಕಲ್ಲಿನಿಂದ ಬಂದವು ಎಂಬುದು ಅವರಿಗೆ ಆಗಲೇ ತಿಳಿದಿರಬೇಕು. ಆ ವಿಷಯವನ್ನು ಅವರು ಯಾರ ಬಾಯಿ ತೆರೆದಿದ್ದಾಗಲೂ ಎತ್ತಲಿಲ್ಲ.

ಅಲ್ಲಿಂದ ಆ ಮನೆ ಜೆಲ್ಲಿ ಮೀನುಗಳ ಸಂಸಾರವಾಯಿತು. ಫಿಲ್ಟರ್ ಯಂತ್ರ ಅವನ್ನು ಎಳೆದುಕೊಂಡೀತೆಂದು ಅದನ್ನು ಕಿತ್ತುಹಾಕಿದರು. ನಲ್ಲಿಯ ನೀರಿನ ಕ್ಲೋರಿನ್ ಆಗದೆಂದು ಮಾಳಿಗೆಯ ಮೇಲೆ ಪೀಪಾಯಿ ಇಟ್ಟು ಮಳೆನೀರು ಹಿಡಿದರು. ಆ ಜೀವಿಗಳಿಗೆ ಬದುಕಿರುವ ಆಹಾರವೇ ಬೇಕು. ಅದಕ್ಕಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಗಡಿಗಳ ಮೊಟ್ಟೆಯನ್ನು ಉಪ್ಪುನೀರಿನ ಸೀಸೆಗಳಲ್ಲಿ ಹಾಕಿ, ಗಾಳಿಯ ಕೊಳವೆ ಬಿಟ್ಟು, ಮರಿ ಮಾಡಿಸಬೇಕು. ಸೀಸೆಗಳು ಅಡುಗೆಮನೆಯ ಕಿಟಕಿಯನ್ನು ಆಕ್ರಮಿಸಿದವು. ಹೆಂಡತಿಯ ಸಕ್ಕರೆ ಡಬ್ಬಿ, ಚಹಾ ಡಬ್ಬಿ ಕಪಾಟಿನೊಳಗೆ ಹೋದವು. ದಿನವಿಡೀ ಆ ಕಿಟಕಿಯಲ್ಲಿ ಗುಳುಗುಳು ಸದ್ದು. ಮರಿಗಳನ್ನು ಸೋಸಿ, ಸಿಹಿನೀರಿನಲ್ಲಿ ತೊಳೆದು, ಪಿಪೆಟ್ಟಿನಿಂದ ಒಂದೊಂದು ಕೊಡೆಯ ಬಳಿಗೂ ಒಂದೊಂದು ಹನಿ ಬಿಡುವರು. ಅಷ್ಟು ಹೊತ್ತೂ ಉಸಿರು ಬಿಗಿಹಿಡಿದಿರುವರು.

ಅಲುಗಾಟಕ್ಕೆ ಅವು ನಲುಗುತ್ತವೆಂದು, ಮದುವೆಯಾದ ದಿನದಿಂದ ಬಾಗಿಲು ಧಡಾರನೆ ಹಾಕುತ್ತಿದ್ದ ಮನುಷ್ಯ ಚಿಲಕಕ್ಕೆ ಬಟ್ಟೆ ಸುತ್ತಿದರು. ನಡಿಗೆ ಮೆತ್ತಗಾಯಿತು. ಗದರುವ ದನಿ ಇಳಿಯಿತು. "ಇಷ್ಟು ವರ್ಷ ನಾನು ಬೇಡಿಕೊಂಡಿದ್ದು ಇದನ್ನೇ. ಕೊನೆಗೂ ಆಯ್ತಲ್ಲ, ಯಾರಿಗೋಸ್ಕರ ಆದ್ರೇನು," ಎಂದು ಅವರ ಹೆಂಡತಿ ನನ್ನ ಹೆಂಡತಿಯ ಬಳಿ ನಗುತ್ತಲೇ ಹೇಳಿದ್ದುಂಟು. ತಮಾಷೆಯ ಸ್ವಭಾವದ ಹೆಂಗಸು ಅವರು. ಹೊಲಿಗೆ ಯಂತ್ರ ಓಡಿಸುತ್ತ ಹಾಡಿಕೊಳ್ಳುತ್ತಿದ್ದವರು. ಯಂತ್ರದ ಅದುರು ತೊಟ್ಟಿಗೆ ತಾಗುತ್ತದೆಂದು ಅದಕ್ಕೂ ನಿಷೇಧ ಬಂತು.

ರೋಗಿಗಳಿಗೆ ತೊಟ್ಟಿಯಲ್ಲಿ ಏನೂ ಕಾಣುತ್ತಿರಲಿಲ್ಲ. "ಡಾಕ್ಟ್ರೇ, ಮೀನು ಹಾಕೋದು ಮರ್ತಿದೀರಿ," ಎಂದವರನ್ನು ಅವರು ದಡ್ಡರ ಪಟ್ಟಿಗೆ ಸೇರಿಸಿಬಿಡುತ್ತಿದ್ದರು. ಒಬ್ಬ ವಿಮಾ ಏಜೆಂಟ್, ಹಲ್ಲು ಅರ್ಧ ಕೊರೆಸಿಕೊಂಡು, ಒಳಗಿಟ್ಟ ಮದ್ದು ಹಲ್ಲಿಗೆ ಹಿಡಿಯಲಿ ಎಂದು ಹೊರಗೆ ಕೂತವನು, ಪಾಪ, ಮೀನುಗಳು ಹಸಿದಿರಬೇಕೆಂದು ಬಿಸ್ಕತ್ತಿನ ಪುಡಿ ಉದುರಿಸಿದ. ಡಾಕ್ಟರು ಅವನನ್ನು ಆ ಸ್ಥಿತಿಯಲ್ಲೇ ಹೊರಗಟ್ಟಿದರು. ಅವನು ಕೆನ್ನೆ ಹಿಡಿದುಕೊಂಡು ನೇರ ರಸ್ತೆ ದಾಟಿದ. ಆಮೇಲೆ ಬಹಳ ದಿನ ತನ್ನ ಗಿರಾಕಿಗಳಿಗೆ ಆ ಹಲ್ಲು ತೋರಿಸಿ, ಅರ್ಧ ಅಪ್ಪನದು, ಅರ್ಧ ಮಗಳದು, ಇವರಿಬ್ಬರೂ ಸೇರಿರೋದು ಇಡೀ ಊರಲ್ಲಿ ಇಲ್ಲೊಂದೇ ಕಡೆ ಎನ್ನುತ್ತಿದ್ದ.

ಮೊದಲ ಬೇಸಿಗೆಯ ಕೊಡೆಗಳು ಕರಗಿದವು, ಮರುವರ್ಷ ಮತ್ತೆ ಬಂದವು. ಆ ಎರಡನೆಯ ಬೇಸಿಗೆಯಲ್ಲಿ ನಡೆದದ್ದನ್ನು ಹೇಳದೆ ಈ ಮನುಷ್ಯನ ಚಿತ್ರ ಪೂರ್ಣವಾಗದು.

ಹೆಂಡತಿಗೆ ಹಲ್ಲುನೋವು. ಎಡಗಡೆಯ ಕೆಳದವಡೆ. ಬಹಳ ಹಿಂದೆ ಶುರುವಾದದ್ದು; ಲವಂಗ ಕಚ್ಚಿ, ಉಪ್ಪುನೀರು ಮುಕ್ಕಳಿಸಿ, ಬಲಗಡೆಯಲ್ಲೇ ಅಗಿದು, ಕಾಲ ತಳ್ಳುತ್ತಿದ್ದರು. ಮೇಜಿನ ಎದುರು ಬದಿಗೆ ಗಂಡ ಕೂತಿರುತ್ತಿದ್ದರು, ನೀರಿನ ಗಡಸುತನದ ಬಗ್ಗೆ ಏನಾದರೂ ಓದುತ್ತ. ಹೆಂಡತಿ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿನ್ನುವುದು, ಮಾತಿನ ನಡುವೆ ಕೆನ್ನೆಗೆ ಅಂಗೈ ಕೊಡುವುದು, ಕೊನೆಕೊನೆಗೆ ಆ ಕೆನ್ನೆ ಊದಿಕೊಂಡು ಮುಖದ ಆಕಾರವೇ ಬದಲಾದದ್ದು, ಬೀದಿಯಲ್ಲಿ ಎದುರಾದ ಯಾರದೋ ನಗೆಯಲ್ಲಿ ಕಟ್ಟಿಸಿದ ಹಲ್ಲು ಯಾವುದೆಂದು ಗುರುತಿಸುತ್ತಿದ್ದ ಆ ಕಣ್ಣಿಗೆ ಬೀಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಲ್ಲಿ ದೀಪವನ್ನೇ ಬೇರೆ ಕಡೆಗೆ ತಿರುಗಿಸಿ ಇಟ್ಟಾಗಿತ್ತು.

ಒಂದು ನಡುಮಧ್ಯಾಹ್ನ ಆಕೆ ಚಪ್ಪಲಿ ಮೆಟ್ಟಿಕೊಂಡು, ಕೈಚೀಲ ಹಿಡಿದು, ಕಾಯುವ ಕೋಣೆಯ ಮೂಲಕವೇ ಹೊರಟರು. ಗಂಡ ಪಿಪೆಟ್ಟು ಹಿಡಿದು ತೊಟ್ಟಿಯ ಮೇಲೆ ಬಗ್ಗಿದ್ದರು. ಅಂಗಡಿಗೆ ಎಂದುಕೊಂಡರು. ತಲೆಯೆತ್ತಿದಾಗ ಕಿಟಕಿಯಲ್ಲಿ ಕಂಡದ್ದು, ಹೆಂಡತಿ ರಸ್ತೆ ದಾಟಿ, ಹಲ್ಲಿನ ಚಿತ್ರದ ಫಲಕದ ಕೆಳಗೆ ಚಪ್ಪಲಿ ಬಿಡುತ್ತಿರುವುದು. ಎದುರಿನ ಬೆಂಚಿನಲ್ಲಿ ಕೂತಿದ್ದವರೆಲ್ಲ, ಆ ಡಾಕ್ಟ್ರ ಮನೆಯವರು ಈ ಡಾಕ್ಟ್ರ ಹತ್ತಿರ ಬಂದರಲ್ಲ ಎಂದು, ಎದ್ದು ಜಾಗ ಬಿಡುತ್ತಿರುವುದು. ಡಾಕ್ಟರ ಬಳಿ ಕೆಲಸಕ್ಕಿದ್ದ ಸಿಸ್ಟರ್ ಆಮೇಲೆ ಹೇಳಿದಂತೆ, ಪಿಪೆಟ್ಟಿನ ಹನಿಗಳು ನೆಲದ ಮೇಲೆ ಬೀಳುತ್ತಿದ್ದವು, ಅವರು ಒರೆಸಲಿಲ್ಲ.

ಒಳಗೆ ಮಗಳು ತಾಯಿಯ ಬಾಯಿಗೆ ದೀಪ ಹಿಡಿದು ನೋಡಿ, ಕೋಪದಿಂದ ದೀಪವನ್ನು ಪಕ್ಕಕ್ಕೆ ತಳ್ಳಿದಳಂತೆ. ಹಲ್ಲು ಪೂರ್ತಿ ಹಾಳಾಗಿತ್ತು, ಬೇರಿನ ಕೆಳಗೆ ಕೀವು.

"ಅಮ್ಮಾ, ಇಷ್ಟು ದಿನ ಏನ್ ಮಾಡ್ತಿದ್ದೆ?"

"ಅವರು ಕೇಳ್ತಾರೇನೋ ಅಂತ ಕಾದೆ."

ಮಗಳು ಇಕ್ಕಳ ಹಿಡಿಯುವ ಮುನ್ನ ಒಳಗೆ ಹೋಗಿ, ಮುಖ ತೊಳೆದು ಬಂದಳು.

ತಾಯಿ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಮನೆಗೆ ಬಂದಾಗ ಡಾಕ್ಟರು ಅಡುಗೆಮನೆಯಲ್ಲಿ ನಿಂತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಅವರು ಅಲ್ಲಿ ನಿಂತದ್ದೇ ಅಪರೂಪ. ಹೆಂಡತಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿಕೊಂಡು, ಹತ್ತಿ ಸರಿಸಿ, ಕುಳಿ ನೋಡಿದರು. ಮಗಳ ಕೆಲಸ ಅಚ್ಚುಕಟ್ಟಾಗಿತ್ತು. ಅದನ್ನು ಅವರು ಕಾಣದಿರಲು ಸಾಧ್ಯವಿರಲಿಲ್ಲ.

"ಇದನ್ನ ಉಳಿಸಬಹುದಿತ್ತು," ಎಂದರು.

"ಉಳಿಸಬಹುದಿತ್ತು," ಎಂದರು ಹೆಂಡತಿ, ಮರಗಟ್ಟಿದ ತುಟಿಯಲ್ಲೇ. "ಹೋದ ವರ್ಷ."

ಗೊತ್ತು ಎಂಬ ಪದ ಅಂದು ಅವರ ಬಾಯಿಂದ ಬರಲಿಲ್ಲ. ಸೀಸೆಗಳು ಗುಳುಗುಳು ಎನ್ನುತ್ತಿದ್ದವು. ಹೆಂಡತಿ ಮೇಲಕ್ಕೆ ಹೋಗಿ ಮಲಗಿದರು.

ಆಮೇಲೆ ಆಕೆ ಮನೆ ಬಿಟ್ಟರು ಎಂದು ಯಾರೂ ಹೇಳುವಂತಿರಲಿಲ್ಲ. ಸ್ವಲ್ಪಸ್ವಲ್ಪವಾಗಿ ರಸ್ತೆ ದಾಟಿದರು. ಮೊದಲು ಹೊಲಿಗೆ ಯಂತ್ರ ಹೋಯಿತು, ಮಗಳ ಮಳಿಗೆಯ ಮೇಲಿನ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ ಎಂಬ ನೆಪದಲ್ಲಿ. ಹೊಲಿಯುತ್ತ ಹೊತ್ತಾಯಿತು ಎಂದು ಒಂದೆರಡು ರಾತ್ರಿ ಅಲ್ಲೇ ಉಳಿದರು. ಬಟ್ಟೆ ಹೋಯಿತು, ದಿಂಬು ಹೋಯಿತು. ಬೆಳಿಗ್ಗೆ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದವರು, ಕೆಲವು ತಿಂಗಳಿಗೆ ಅಲ್ಲೇ ಬೇಯಿಸಿ ಸಿಸ್ಟರ್ ಕೈಯಲ್ಲಿ ಡಬ್ಬಿ ಕಳಿಸತೊಡಗಿದರು. ಗೋಡೆ ತಟ್ಟುವ ಸದ್ದು ನಿಂತಿತು. ಡಾಕ್ಟರು ತಡೆಯಲಿಲ್ಲ, ಕೇಳಲಿಲ್ಲ, ಡಬ್ಬಿಯನ್ನು ತೊಳೆದು ಒರೆಸಿ ಕಳಿಸುತ್ತಿದ್ದರು.

ಅವರ ಕೈ ನಡುಗಲು ಶುರುವಾದದ್ದು ಅದೇ ವರ್ಷ. ಬಲಗೈ. ಮೊದಲು ಕಂಡದ್ದು ಪಿಪೆಟ್ಟಿನಲ್ಲಿ. ಹನಿ ಕೊಡೆಯ ಬಳಿಗೆ ಬೀಳದೆ ಕೊಡೆಯ ಮೇಲೇ ಬಿತ್ತು. ಬಚ್ಚಿಟ್ಟರು. ಮೊಣಕೈಯನ್ನು ಕುರ್ಚಿಗೆ ಒತ್ತಿ ಹಿಡಿದು ಕೆಲಸ ಮಾಡಿದರು. ಕಡೆಗೊಂದು ದಿನ ಹಳೆಯ ರೋಗಿಯೊಬ್ಬನ ಒಸಡು ಸೀಳಿತು. ಆತ ದೂರಲಿಲ್ಲ, ರಕ್ತ ಉಗಿದು, "ಪರವಾಗಿಲ್ಲ ಬಿಡಿ ಡಾಕ್ಟ್ರೇ," ಎಂದ. ಆ ಪರವಾಗಿಲ್ಲವನ್ನು ಅವರಿಂದ ಸಹಿಸಲಾಗಲಿಲ್ಲ. ಅಂದೇ ಫಲಕ ಇಳಿಸಿದರು.

ಮಗಳು ತಾಯಿಯ ಮೂಲಕ ಕೇಳಿಸಿದಳು: ಅಪ್ಪನ ಕುರ್ಚಿ ತನಗೆ ಬೇಕು. ಹೊಸದನ್ನು ಕೊಳ್ಳಲು ಶಕ್ತಿಯಿಲ್ಲದೆ ಅಲ್ಲ. ಚಿಕ್ಕವಳಿದ್ದಾಗ ಆ ಕುರ್ಚಿಯಲ್ಲಿ ಕೂತು, ಕಾಲಿನ ಪೆಡಲು ಒತ್ತಿಸಿಕೊಂಡು ಮೇಲಕ್ಕೂ ಕೆಳಕ್ಕೂ ಹೋಗುತ್ತಿದ್ದವಳು. ಅಪ್ಪನ ನಗು ಅವಳಿಗೆ ನೆನಪಿದ್ದದ್ದು ಆ ಎತ್ತರದಿಂದ ಮಾತ್ರ. ಹೆಂಡತಿ ಬಂದು ಇದನ್ನು ಹೇಳಿದಾಗ ಡಾಕ್ಟರು "ಗೊತ್ತು" ಎಂದರು. ಒಪ್ಪಿದರು ಎಂದು ಆಕೆ ಸಂತೋಷಪಟ್ಟು ಮರಳಿದರು. ಮರುವಾರ ಗುಜರಿಯವನ ತಳ್ಳುಗಾಡಿ ಬಂದು ನಿಂತಿತು. ಇಬ್ಬರು ಆಳುಗಳು ಕುರ್ಚಿಯನ್ನು ಬಿಚ್ಚಿ, ತಲೆಯೊರಗನ್ನು ಒಂದು ಕಡೆ, ಪೆಡಲನ್ನು ಒಂದು ಕಡೆ, ಕಬ್ಬಿಣದ ಕಾಲನ್ನು ಮೇಲೆ ಹೇರಿ, ಹಗ್ಗ ಬಿಗಿದರು. ಮಗಳು ಕೈಗವಸು ತೊಟ್ಟೇ ಹೊರಗೆ ಬಂದು ತನ್ನ ಬಾಗಿಲಲ್ಲಿ ನಿಂತಳು. ಡಾಕ್ಟರು ಇತ್ತ ಕಿಟಕಿಯಲ್ಲಿ ನಿಂತಿದ್ದರು. ಗಾಡಿ ಇಬ್ಬರ ನಡುವೆ ಹಾದುಹೋಯಿತು. ಅದನ್ನು ಯಾಕೆ ಹಾಗೆ ಮಾಡಿದಿರಿ ಎಂದು ನಾನು ಮುಂದೊಮ್ಮೆ ಕೇಳಿದೆ. "ಸವೆದಿತ್ತು," ಎಂದರು. ಸವೆದದ್ದನ್ನು ಮಗಳಿಗೆ ಕೊಡಬಾರದೆಂದೋ, ತಮ್ಮ ಜಾಗದಲ್ಲಿ ಅವಳನ್ನು ನೋಡಲಾರೆನೆಂದೋ, ಆ ಒಂದು ಪದದಲ್ಲಿ ಯಾವುದಿತ್ತೆಂದು ನನಗೆ ಈಗಲೂ ತಿಳಿಯದು.

ಎರಡು ಬೇಸಿಗೆ ಜೆಲ್ಲಿಗಳು ಬರಲಿಲ್ಲ. ಅವರು ಮಳೆನೀರು ಹಿಡಿಯುವುದನ್ನೂ ಬಿಡಲಿಲ್ಲ, ತೊಟ್ಟಿಯ ಮುಂದೆ ಕೂರುವುದನ್ನೂ ಬಿಡಲಿಲ್ಲ. ಮೂರನೆಯ ಬೇಸಿಗೆ ಒಮ್ಮೆಲೇ ಬಂದವು, ಹಿಂದೆಂದೂ ಇಲ್ಲದಷ್ಟು. ತೊಟ್ಟಿಯೇ ಉಸಿರಾಡುತ್ತಿರುವಂತೆ ತೋರುತ್ತಿತ್ತು. ಡಾಕ್ಟರು ಕೋಟು ತೊಟ್ಟು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು, ಅದುವರೆಗೆ ಬಂದವರಲ್ಲ. ಕೂರಲಿಲ್ಲ.

"ಎದುರುಗಡೆ ಹೋಗ್ತೀರಲ್ಲ ನೀವು. ಬಂದಿವೆ ಅಂತ ಹೇಳಿ ಅವಳಿಗೆ."

"ಬಾ ಅಂತ ಹೇಳ್ಲಾ?"

"ಬಂದಿವೆ ಅಂತ ಹೇಳಿ, ಸಾಕು."

ನಾನು ಹೋದೆ. ಮಗಳು ಎರಡು ರೋಗಿಗಳ ನಡುವಿನ ಬಿಡುವಿನಲ್ಲಿ ಕೈ ತೊಳೆಯುತ್ತಿದ್ದಳು. ವಿಷಯ ಹೇಳಿದೆ. ಕೈಗಳನ್ನು ನೀರಿನ ಕೆಳಗೆ ಹಾಗೆಯೇ ಹಿಡಿದು ನಿಂತಳು. ಆ ಕಲ್ಲನ್ನು ಕ್ವಾರಿಯಿಂದ ತರುವಾಗ ಜಾರಿ ಬಿದ್ದು ಮೊಣಕಾಲು ತರಚಿಕೊಂಡಿದ್ದನ್ನು ಹೇಳಿದಳು, ತುಂಬಾ ಇವೆಯಾ ಎಂದು ಕೇಳಿದಳು, ತುಂಬಾ ಎಂದೆ. ಒಂದು ಕ್ಷಣ ಅವಳು ಟವೆಲ್ ತೆಗೆದುಕೊಂಡ ರೀತಿ ನೋಡಿ, ಈಗಲೇ ಹೊರಡುತ್ತಾಳೆ ಎಂದುಕೊಂಡೆ.

"ಬಾ ಅಂದ್ರಾ?"

ಸುಳ್ಳು ಹೇಳಬಹುದಿತ್ತು. ಆದರೆ ಅವಳ ಕಣ್ಣಲ್ಲೂ ಅಪ್ಪನದೇ ತಪಾಸಣೆಯ ಬೆಳಕಿತ್ತು. "ಬಂದಿವೆ ಅಂದ್ರು," ಎಂದೆ.

"ಹಾಗಾದ್ರೆ ಕೇಳಿಸ್ಕೊಂಡ್ಲು ಅಂತ ಹೇಳಿ."

ಅದನ್ನೇ ಬಂದು ಹೇಳಿದೆ. ಅವರು "ಗೊತ್ತು" ಎಂದರು.

ತಾಯಿ ಮಾತ್ರ ಮರುದಿನ ಬಂದರು. ಡಾಕ್ಟರು ಭೂತಗನ್ನಡಿಯನ್ನು ತಾವೇ ಆಕೆಯ ಹಣೆಗೆ ಕಟ್ಟಿ, ನಡುಗುವ ಬೆರಳಿನಿಂದ ತೋರಿಸುತ್ತ, ಒಂದು ಕಲ್ಲಿನ ಮೊಳಕೆಯಿಂದ ಬಂದವೆಲ್ಲ ಗಂಡಾದರೆ ಗಂಡೇ, ಹೆಣ್ಣಾದರೆ ಹೆಣ್ಣೇ, ಆದ್ದರಿಂದ ಇವಕ್ಕೆ ಸಂತಾನವಿಲ್ಲ ಎಂಬುದನ್ನೆಲ್ಲ ವಿವರಿಸಿದರಂತೆ. ಆಕೆ ಸಾವಧಾನವಾಗಿ ನೋಡಿ, ಕನ್ನಡಿ ಬಿಚ್ಚಿಕೊಟ್ಟು, "ಅವಳನ್ನ ಕರೀರಿ" ಎಂದರು. ಹೇಳಿ ಕಳಿಸಿದೀನಲ್ಲ ಎಂದರು ಇವರು. ಆಕೆ ಇನ್ನೊಮ್ಮೆ ಅದನ್ನೇ ಹೇಳಿದರು. ಡಾಕ್ಟರು ತೊಟ್ಟಿಯ ಕಡೆಗೆ ತಿರುಗಿಕೊಂಡರು. ಎರಡು ಬಾಗಿಲುಗಳ ನಡುವಿನ ದೂರ ಒಬ್ಬ ಮುದುಕ ನಡುವೆ ನಿಲ್ಲದೆ ನಡೆಯಬಹುದಾದಷ್ಟು.

ಆ ಸಲದ ಕೊಡೆಗಳು ಬಿಸಿಲು ಇಳಿಯುವವರೆಗೂ ಇದ್ದವು. ಆಮೇಲೆ ಸಣ್ಣವಾಗುತ್ತ, ಮಬ್ಬಾಗುತ್ತ, ಒಂದೊಂದಾಗಿ ಇಲ್ಲವಾದವು. ಅವು ಸತ್ತರೆ ಹೂಳಲು ಏನೂ ಉಳಿಯುವುದಿಲ್ಲ, ನೀರು ತುಸು ಕದಡುತ್ತದೆ ಅಷ್ಟೆ. ಮುಂದಿನ ಚಳಿಯಲ್ಲಿ ಡಾಕ್ಟರು ನಿದ್ದೆಯಲ್ಲೇ ಹೋದರು. ಮಗಳು ಮಾಡಬೇಕಾದದ್ದನ್ನೆಲ್ಲ ಮಾಡಿದಳು, ಅಳಲಿಲ್ಲ. ಆ ಕಟ್ಟಡದಲ್ಲೀಗ ಜೆರಾಕ್ಸ್ ಅಂಗಡಿಯಿದೆ.

ಇಂಥವರನ್ನು ಲೋಕ ಕಲ್ಲೆದೆಯವರೆಂದು ಕರೆದು ಕೈತೊಳೆದುಕೊಳ್ಳುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಇವರ ಪ್ರೀತಿ ಕೆಲಸ ಬಲ್ಲದು, ಕಾವಲು ಬಲ್ಲದು, ವರ್ಷಗಟ್ಟಲೆ ಕಾಯುವುದನ್ನೂ ಬಲ್ಲದು. ಬಾ ಎಂಬ ಒಂದಕ್ಷರದ ಬಳಿಗೆ ಬಂದಾಗ ಮಾತ್ರ, ಬಾರದೆ ಹೋದರೆ ತನ್ನ ಗತಿಯೇನೆಂದು ಹೆದರಿ ಹಿಂದೆ ಸರಿಯುತ್ತದೆ. ಆ ಹೆದರಿಕೆಗೆ ಅವರು ಇಟ್ಟುಕೊಂಡ ಹೆಸರು ಮರ್ಯಾದೆ. ಕೇಡಿನ ಸಂಗತಿಯೆಂದರೆ ಈ ಮರ್ಯಾದೆ ಅವರೊಂದಿಗೇ ಮುಗಿಯುವುದಿಲ್ಲ. ಮೂಗು, ಹುಬ್ಬು, ಕೈಚಳಕಗಳ ಜೊತೆಗೆ ಅದೂ ಮಕ್ಕಳಿಗೆ ಇಳಿಯುತ್ತದೆ. ಕರೆಯದವರು ಒಂದು ಬಾಗಿಲಲ್ಲಿ, ಕರೆಯದೆ ಬಾರದವರು ಇನ್ನೊಂದು ಬಾಗಿಲಲ್ಲಿ. ಇಬ್ಬರದೂ ನ್ಯಾಯವೇ, ಇಬ್ಬರದೂ ಸರಿಯೇ. ಅಷ್ಟು ಸರಿಯಾಗಿದ್ದುಕೊಂಡು ಮನುಷ್ಯರು ಒಬ್ಬರನ್ನೊಬ್ಬರು ಪೂರ್ತಿಯಾಗಿ ಕಳೆದುಕೊಳ್ಳಬಲ್ಲರು.